ಸೋಮವಾರ ಹತ್ತದ ದೀಪ

ನಮ್ಮ ಮನೆಯ ಫ್ರಿಜ್ಜು ಸೋಮವಾರದ ವ್ರತ ಹಿಡಿದಿದೆ ಎಂದು ಬಿಣಗಾದ ನಮ್ಮ ಕೇರಿಯಲ್ಲಿ ಒಂದು ತಿಂಗಳು ಸುದ್ದಿಯೋ ಸುದ್ದಿ. ಹಬ್ಬಿಸಿದವರು ಬೇರೆ ಯಾರೂ ಅಲ್ಲ, ನನ್ನ ಅತ್ತೆ. ಅವರನ್ನು ಬೈಯುವ ಹಾಗೂ ಇರಲಿಲ್ಲ, ಕಣ್ಣಿಗೆ ಕಂಡದ್ದು ಹಾಗೇ ಇತ್ತು. ವಾರದ ಉಳಿದ ದಿನ ಬಾಗಿಲು ತೆಗೆದ ಕೂಡಲೇ ಒಳಗಿನ ದೀಪ ಫಕ್ಕನೆ ಹತ್ತುತ್ತಿತ್ತು. ಸೋಮವಾರ ಬೆಳಿಗ್ಗೆ ಎದ್ದು ತೆಗೆದರೆ ಕತ್ತಲೆ. ತಂಪು ಇದೆ, ಮೋಟರು ಗುಂಯ್ ಎನ್ನುತ್ತಿದೆ, ಹಾಲು ಕೆಟ್ಟಿಲ್ಲ, ದೀಪ ಮಾತ್ರ ಇಲ್ಲ. ಮಂಗಳವಾರ ಸಂಜೆಗೆ ಮತ್ತೆ ಏನೂ ಆಗದವರ ಹಾಗೆ ಬೆಳಗುತ್ತಿತ್ತು.

ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನನ್ನ ಗಂಡ ಕಾರವಾರದ ಬಂದರಿನಲ್ಲಿ ಬೋಟಿನ ಇಂಜಿನ್ನು ಬಿಚ್ಚಿ ಜೋಡಿಸುವವರು. ಇಂಥ ಇಬ್ಬರಿರುವ ಮನೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಬಲ್ಬು ನಾಲ್ಕು ವಾರ ನಮ್ಮನ್ನು ಕುಣಿಸಿತು. ಈಗ ನೆನೆದರೆ ನಗು ತಡೆಯುವುದಿಲ್ಲ. ಆಗ ಮಾತ್ರ ನನಗೆ ಜೀವ ಹೋಗಿ ಜೀವ ಬರುತ್ತಿತ್ತು.

ಏಕೆಂದರೆ ಆ ಫ್ರಿಜ್ಜಿನೊಳಗೆ ನನ್ನ ಒಂದು ಗಂಟೆಯ ನಿದ್ದೆ ಇತ್ತು. ಅದು ಬರುವ ಮುಂಚೆ ನಾನು ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕಿತ್ತು. ಕಾಯಿ ತುರಿದು, ಮಸಾಲೆ ಅರೆದು, ಅನ್ನ ಸಾರು ಮಾಡಿ, ಮೂವರ ತಿಂಡಿ, ಇಬ್ಬರ ಊಟದ ಡಬ್ಬಿ ಮುಗಿಸಿ ಏಳೂವರೆಗೆ ಹೆದ್ದಾರಿಯಲ್ಲಿ ನಿಂತು ಬಸ್ಸು ಹಿಡಿಯಬೇಕಿತ್ತು. ಬಸ್ಸಿನಲ್ಲಿ ಕೂತದ್ದೇ ನಿದ್ದೆ. ಎರಡು ಸಲ ಅಂಕೋಲೆ ದಾಟಿ ಹೋಗಿದ್ದೆ. ಆಮೇಲೆ ನನ್ನನ್ನು ಎಬ್ಬಿಸುವುದೂ ಟಿಕೆಟ್ಟಿನಲ್ಲೇ ಸೇರಿದೆ ಎಂದು ಕಂಡಕ್ಟರು ತಿಳಿದುಬಿಟ್ಟಿದ್ದ. ನನ್ನ ಸಂಬಳದಲ್ಲಿ ಫ್ರಿಜ್ಜು ತಂದ ಮೇಲೆ ಭಾನುವಾರ ಮಧ್ಯಾಹ್ನವೇ ವಾರದ ಮಸಾಲೆ ಅರೆದು ಡಬ್ಬಿ ತುಂಬಿಟ್ಟರೆ ಆಯಿತು, ಬೆಳಿಗ್ಗೆ ಐದೂವರೆಗೆ ಎದ್ದರೂ ನಡೆಯುತ್ತಿತ್ತು. ಆ ಒಂದು ಗಂಟೆ ಹೊದಿಕೆಯೊಳಗೆ ನಾನು ಎಷ್ಟು ಸುಖವಾಗಿದ್ದೆನೆಂದರೆ, ನಿದ್ದೆಯಲ್ಲೂ ನಿದ್ದೆ ಮಾಡುತ್ತಿದ್ದೇನೆ ಎಂದು ಕನಸು ಬೀಳುತ್ತಿತ್ತು.

ಅತ್ತೆಯನ್ನು ನಾನೂ ಇವರ ಹಾಗೆ ಆಯಿ ಎಂದೇ ಕರೆಯುವುದು. ಆಯಿ ಬದುಕೆಲ್ಲ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಈಗ ಮೊಣಕಾಲು ಬಿಡುವುದಿಲ್ಲವೆಂದು ಮನೆಯಲ್ಲಿದ್ದಾರೆ. ಆದರೂ ದಡಕ್ಕೆ ಬಲೆ ಬರುವ ಹೊತ್ತಿಗೆ ಕಣ್ಣು ತಾನಾಗಿ ಬಿಡುತ್ತದೆ, ನಾಲ್ಕು ಗಂಟೆಗೆಲ್ಲ ಎದ್ದು ಕೂತಿರುತ್ತಾರೆ. "ಐಸಿಂದಲ್ಲ, ಈಗ ಬಂದದ್ದು, ಕಿವಿರು ನೋಡು" ಎನ್ನುವುದು ಅವರು ಜೀವಮಾನವಿಡೀ ಆಡಿದ ಮಾತು. ಅಂಥವರ ಅಡುಗೆಮನೆಗೆ ನಾನು ಮೀನು ಹಳತು ಮಾಡುವ ಪೆಟ್ಟಿಗೆ ತಂದಿಟ್ಟಿದ್ದೆ.

"ಇದೆಂತಾ ಅಕ್ಕೋರೆ, ಮೀನಿಗೆ ಆಸ್ಪತ್ರೆಯಾ?" ಎಂದು ಆಯಿ ಮೊದಲ ದಿನವೇ ಕೇಳಿದ್ದರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನನ್ನನ್ನು ಕಿಚಾಯಿಸಬೇಕಾದಾಗೆಲ್ಲ ಆಯಿಗೂ ನಾನು ಅಕ್ಕೋರೇ.

ಇನ್ನೊಂದು ತೊಡಕಿತ್ತು. ಸೋಮವಾರ ನಮ್ಮ ಮನೆಯಲ್ಲಿ ಮೀನು ಇಲ್ಲ. ಮುಂಚೆ ಭಾನುವಾರದ ಸಾರು ಭಾನುವಾರವೇ ಬಳಿದು ಮುಗಿಯುತ್ತಿತ್ತು, ಪಾತ್ರೆ ತೊಳೆದರೆ ಮನೆ ಶುದ್ಧ. ಫ್ರಿಜ್ಜು ಬಂದ ಮೇಲೆ ಉಳಿದ ಬಂಗಡೆ ಸಾರು ಒಳಗೆ ಹೋಗಿ ಕೂತು ಮಂಗಳವಾರಕ್ಕೆ ಇನ್ನಷ್ಟು ರುಚಿಯಾಗುತ್ತಿತ್ತು. ಅಂದರೆ ಸೋಮವಾರವಿಡೀ ಮನೆಯೊಳಗೆ ಮೀನು. ಬಹಳ ಮಾತುಕತೆಯಾಗಿ ಒಂದು ಒಪ್ಪಂದಕ್ಕೆ ಬಂದೆವು. ಮೇಲಿನ ಹಲಗೆ ಮೀನಿಗೆ, ಕೆಳಗಿನದು ಹಾಲಿಗೆ ಮತ್ತು ದೇವರ ಹೂವಿಗೆ. ಸೋಮವಾರ ಮೇಲಿನ ಹಲಗೆ ಯಾರೂ ಮುಟ್ಟಬಾರದು. ನಸುಕಿನಲ್ಲಿ ಆಯಿ ತಾವೇ ಫ್ರಿಜ್ಜು ಒರೆಸಿ, ಬೊಟ್ಟು ಇಟ್ಟು, ಕೈ ಮುಗಿಯುತ್ತಾರೆ.

ಬೊಟ್ಟಿನ ವಿಷಯ ಹೇಳಲೇಬೇಕು. ಮನೆಗಾಗಿ ದುಡಿಯುವುದಕ್ಕೆಲ್ಲ ಆಯಿ ಕುಂಕುಮದ ಬೊಟ್ಟು ಇಡುತ್ತಾರೆ. ಅರೆಯುವ ಕಲ್ಲಿಗೆ, ಮಿಕ್ಸರಿಗೆ, ಗ್ಯಾಸ್ ಒಲೆಗೆ, ಇವರ ಬೈಕಿಗೆ, ಇವರ ಸ್ಪ್ಯಾನರು ತುಂಬಿದ ಪಾನಾ ಪೆಟ್ಟಿಗೆಗೆ, ಮೀನು ಕೊಯ್ಯುವ ಕತ್ತಿಗೆ. ಎಲ್ಲಿ ನೋಡಿದರೂ ಕೆಂಪು ಚುಕ್ಕೆ ಇರುವ ಮನೆಯಲ್ಲಿ ಹುಟ್ಟಿದವರಿಗೆ ಕೆಂಪು ಚುಕ್ಕೆ ಕಾಣುವುದೇ ಇಲ್ಲ, ಮದುವೆಯಾಗಿ ಬಂದ ನನಗೂ ಆ ಹೊತ್ತಿಗೆ ಕಾಣುವುದು ನಿಂತುಹೋಗಿತ್ತು.

ಒಪ್ಪಂದವಾದ ಮೇಲಿನ ಮೊದಲ ಸೋಮವಾರ ದೀಪ ಹತ್ತಲಿಲ್ಲ. ಬಲ್ಬು ಹೋಗಿದೆ ಎಂದರು ಇವರು. ಸಂಜೆ ಪೇಟೆಯಿಂದ ಬಲ್ಬು ತಂದರು, ಅದರ ಬುಡ ದೊಡ್ಡದು. ಮತ್ತೆ ಹೋಗಿ ಬೇರೆ ತಂದರು. ಹಾಕಿದರೂ ಹತ್ತಲಿಲ್ಲ. ಮುಖ ಸಣ್ಣ ಮಾಡಿಕೊಂಡು ಮಲಗಿದವರಿಗೆ ಮಂಗಳವಾರ ಸಂಜೆ ಬಾಗಿಲು ತೆಗೆದಾಗ ಬೆಳಕೋ ಬೆಳಕು.

"ನೋಡು, ಹೊಸ ಬಲ್ಬು ಅಲ್ದಾ, ಕೂತ್ಕೊಳ್ಳೂಕೆ ಒಂದಿನ ಬೇಕು" ಎಂದರು.

ಎರಡನೆಯ ಸೋಮವಾರ ಮತ್ತೆ ಕತ್ತಲೆ. ಈ ಸಲ ಹೋಲ್ಡರು ಸಡಿಲಾಗಿದೆ ಎಂದು ತೀರ್ಮಾನಿಸಿ, ಒಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಹಿತ್ತಾಳೆಯ ಪಟ್ಟಿ ಉಗುರಲ್ಲಿ ಕೆರೆದು, ಬಿಗಿಮಾಡಿದರು. ಹತ್ತಲಿಲ್ಲ. ಮಂಗಳವಾರ ಸಂಜೆ ಹತ್ತಿತು. ಆ ಸಂಜೆಯೂ ತಮ್ಮದೇ ಕೈಗುಣ ಎಂದು ಮೀಸೆ ಎಳೆದುಕೊಂಡರು. ಪಕ್ಕದಲ್ಲಿ ನಿಂತು ನಾನೂ ತಲೆಯಾಡಿಸಿದೆ. ಒಂದರ ಹಿಂದೆ ಒಂದು ಆದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಲ್ಲ ಎಂದು ಎಂಟನೆಯ ತರಗತಿಗೆ ಗಂಟಲು ಹರಿದುಕೊಂಡು ಹೇಳುವವಳು ನಾನೇ.

ಒಂದು ಮಾತು ಇವರ ಪರವಾಗಿಯೂ ಹೇಳಬೇಕು. ಫ್ರಿಜ್ಜಿನ ಚೌಕಟ್ಟಿನಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ, ಬಾಗಿಲು ಮುಚ್ಚಿದಾಗ ಅದು ಒಳಗೆ ಒತ್ತಿಕೊಂಡು ದೀಪ ಆರುತ್ತದೆ, ತೆಗೆದಾಗ ಹೊರಗೆ ಚಿಮ್ಮಿ ಹತ್ತುತ್ತದೆ. ಯಾವ ಮೆಕ್ಯಾನಿಕನೂ ಅದನ್ನೇ ಮೊದಲು ನೋಡುವುದು. ಇವರೂ ಟಾರ್ಚು ಹಿಡಿದು ನೋಡಿದ್ದರು. ಅಲ್ಲಿ ಕಂಡದ್ದು ಚೌಕಟ್ಟಿಗೆ ಸಮವಾಗಿ ಕೂತ ಒಂದು ಕೆಂಪು ಚುಕ್ಕೆ. ಬೋಟಿನ ಕೆಲಸದಲ್ಲಿ ಒಂದು ಪದ್ಧತಿ ಇದೆ. ಬೋಲ್ಟು ಸರಿಯಾಗಿ ಬಿಗಿಯಾಯಿತು, ಇನ್ನು ಯಾರೂ ಕೈ ಹಚ್ಚಬಾರದು ಎನ್ನಲು ಅದರ ತಲೆಗೆ ಕೆಂಪು ಬಣ್ಣದ ಚುಕ್ಕೆ ಇಡುತ್ತಾರೆ. ಕೈ ಹಚ್ಚಿದವನ ಮರ್ಯಾದೆ ಬಂದರಿನಲ್ಲಿ ಉಳಿಯುವುದಿಲ್ಲ.

"ಇದು ಕಂಪನಿಯವ್ರು ಬಿಗಿ ಮಾಡಿಟ್ಟದ್ದು, ಮುಟ್ಟೂಕಾಗಾ" ಎಂದು ಇವರು ಗೌರವದಿಂದ ಟಾರ್ಚು ಆರಿಸಿದ್ದರು. ಗುಂಡಿ ಬೇರೆ ಎಲ್ಲೋ ಒಳಗೆ ಅಡಗಿದೆ ಎಂದೇ ನಾವಿಬ್ಬರೂ ನಂಬಿದೆವು.

ಆಯಿಯ ವಾದ ಬೇರೆ. "ನಾ ನಸುಕಿಗೆ ತೆಗೆದಾಗ ದೀಪ ಲಕಲಕ ಅಂತದೆ. ನೀವು ಎದ್ದು ತೆಗೆದಾಗ ಇಲ್ಲ. ಯಾರಿಗೆ ಹತ್ತಬೇಕು, ಯಾರಿಗೆ ಹತ್ತಬಾರದು ಅಂತ ಅದ್ಕೆ ಗೊತ್ತದೆ."

"ನೀನೂ ನಿನ್ನೆ ಬಂಗಡೆ ತಿಂದವಳೇ ಅಲ್ದಾ ಆಯಿ?" ಎಂದರು ಇವರು.

"ನಾ ತಿಂದದ್ದು ತಾಜಾ. ಸೋಮವಾರಕ್ಕೆ ಅಂತ ಡಬ್ಬಿಯಲ್ಲಿ ಮುಚ್ಚಿಟ್ಟವ್ರು ನೀವು."

ನಾವಿಬ್ಬರೂ ನಕ್ಕೆವು. ವಯಸ್ಸಾದವರು ತಮ್ಮ ಭಕ್ತಿಯನ್ನು ಒಂದು ಹಿಡಿ ಹೆಚ್ಚಿಗೆ ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ರೋಗದ ಮೂಲವನ್ನು ಅವರು ಬಾಯಿಬಿಟ್ಟು ಹೇಳಿದ್ದರು, ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೂರನೆಯ ಸೋಮವಾರ ಅನಾಹುತವಾಯಿತು. ನಮ್ಮ ಮನೆಯ ಸ್ಟೀಲ್ ಡಬ್ಬಿಗಳೆಲ್ಲ ಒಂದೇ ಅಳತೆ, ಒಂದೇ ಅಂಗಡಿಯವು. ಫ್ರಿಜ್ಜಿನೊಳಗೆ ಕತ್ತಲೆ, ಬಸ್ಸಿಗೆ ಹೊತ್ತಾಗಿತ್ತು. ತಡಕಾಡುವಾಗ ಮೇಲಿನ ಹಲಗೆಯ ಡಬ್ಬಿ ಕೆಳಗೆ, ಕೆಳಗಿನದು ಮೇಲೆ ಆದದ್ದು ನನಗೆ ತಿಳಿಯಲಿಲ್ಲ. ಕೆಳಗಿನ ಹಲಗೆಯಲ್ಲಿ ಕೈಗೆ ಸಿಕ್ಕಿದ್ದು ಅಲಸಂದೆ ಪಲ್ಯ ಎಂದುಕೊಂಡು ಚೀಲಕ್ಕೆ ಹಾಕಿ ಓಡಿದೆ. ಮಧ್ಯಾಹ್ನ ಅಧ್ಯಾಪಕರ ಕೋಣೆಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದಾಗ ನನ್ನ ಡಬ್ಬಿಯಿಂದ ಒಂದು ಮೊಳ ಅಬ್ಬಲಿಗೆ ದಂಡೆ ಬಂತು. ಜೊತೆಯವರು ನಕ್ಕು ನಕ್ಕು ಸುಸ್ತಾದರು. ಒಬ್ಬರು ದಂಡೆಯನ್ನು ನನ್ನ ಮುಡಿಗೇ ಸಿಕ್ಕಿಸಿ, ತಮ್ಮ ಡಬ್ಬಿಯಿಂದ ಎರಡು ಚಪಾತಿ ಕೊಟ್ಟರು. ನಾನೂ ನಗುತ್ತ ತಿಂದೆ. ಹೂವಿನ ಡಬ್ಬಿ ಇಲ್ಲಿದ್ದರೆ ಅಲ್ಲಿ ಆಯಿಯ ಕೈಗೆ ಸಿಕ್ಕಿದ್ದೇನು ಎಂಬ ಯೋಚನೆ ಬಂದದ್ದು ಕೊನೆಯ ತುತ್ತಿನಲ್ಲಿ.

ಸಂಜೆ ಮನೆಗೆ ಬಂದಾಗ ಆಯಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ದೇವರ ಮುಂದೆ ಕೂತು, ಘಂಟೆ ಬಾರಿಸಿ, ಹೂ ಏರಿಸಲೆಂದು ಡಬ್ಬಿ ಮುಚ್ಚಳ ತೆಗೆದರೆ ನಾಲ್ಕು ತುಂಡು ಬಂಗಡೆ. ಸೋಮವಾರ.

"ನಾ ಬೈಯೂದಿಲ್ಲ" ಎಂದರು ಆಯಿ. ಬೈದಿದ್ದರೆ ಚೆನ್ನಾಗಿತ್ತು. "ಇನ್ನೊಂದು ಸೋಮವಾರ ನೋಡ್ತೆ. ಬೆಳಿಗ್ಗೆ ಎಲ್ರೂ ಎದ್ದ ಮೇಲೆ, ಎಲ್ರ ಎದುರು ದೀಪ ಹತ್ತಬೇಕು. ಹತ್ತದಿದ್ರೆ ದೇವ್ರಿಗೆ ಇದು ಬೇಡ ಅಂತ ಅರ್ಥ. ಹಣಕೋಣಕ್ಕೆ ಕಳ್ಸಿ ಬಿಡೂದು."

ಹಣಕೋಣದಲ್ಲಿರುವವಳು ನನ್ನ ನಾದಿನಿ. ಅವಳಿಗೆ ಈ ಮಾತು ಮುಟ್ಟಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಮರುದಿನವೇ ಫೋನು ಮಾಡಿ, ಬಹಳ ಬೇಜಾರಿನ ದನಿಯಲ್ಲಿ ಫ್ರಿಜ್ಜಿನ ಅಗಲ ಎಷ್ಟು, ಎತ್ತರ ಎಷ್ಟು ಎಂದು ಕೇಳಿದಳು. ಅವರ ಅಡುಗೆಮನೆಯ ಮೂಲೆಯಿಂದ ಅಕ್ಕಿ ಡ್ರಮ್ಮು ಆಗಲೇ ಸರಿದಿತ್ತಂತೆ.

ನನಗೆ ಕಣ್ಣಿಗೆ ಕತ್ತಲೆ ಕಟ್ಟಿತು. ಮತ್ತೆ ನಾಲ್ಕೂವರೆ, ಮತ್ತೆ ಕಾಯಿ ತುರಿ, ಮತ್ತೆ ಆ ಕಂಡಕ್ಟರು. ಬುಧವಾರ ಅರ್ಧ ದಿನ ರಜೆ ಹಾಕಿ ಕಾರವಾರ ಪೇಟೆಯಿಂದ ರಿಪೇರಿಯವರನ್ನು ಕರೆಸಿದೆ. ಅವರು ಬಾಗಿಲು ತೆಗೆದರು, ದೀಪ ಹತ್ತಿತು. ಮುಚ್ಚಿ ತೆಗೆದರು, ಹತ್ತಿತು. ಹತ್ತು ಸಲ ತೆಗೆದರು, ಹತ್ತು ಸಲವೂ ಹತ್ತಿತು.

"ಚಲೋ ಅದೆಯಲ್ರೀ ಅಕ್ಕೋರೆ" ಎಂದರು.

"ಸೋಮವಾರ ಹತ್ತೂದಿಲ್ಲ."

ಅವರು ಫ್ರಿಜ್ಜು ಬಿಟ್ಟು ನನ್ನ ಮುಖವನ್ನೇ ಸ್ವಲ್ಪ ಹೊತ್ತು ಪರೀಕ್ಷಿಸಿದರು. ಸೋಮವಾರ ಬನ್ನಿ ಎಂದರೆ ಸೋಮವಾರ ಅವರ ಅಂಗಡಿಗೆ ರಜೆ. ಚಹಾ ಕುಡಿದು, ಹುಷಾರಾಗಿ ಮೆಟ್ಟಿಲಿಳಿದು ಹೋದರು.

ಆ ಭಾನುವಾರ ಮಲಗುವಾಗ ನಾನು ಒಂದು ತ್ಯಾಗಕ್ಕೆ ಸಿದ್ಧಳಾದೆ. ಇಷ್ಟು ದಿನ ಸೋಮವಾರದ ದೀಪವನ್ನು ನಾನು ನೋಡಿದ್ದೆಲ್ಲ ಐದೂವರೆಯ ಮೇಲೆ. ಅದಕ್ಕೂ ಮುಂಚೆ ಏನಾಗುತ್ತದೆ ಎಂದು ನೋಡಬೇಕಾದರೆ ಆ ಪ್ರೀತಿಯ ಒಂದು ಗಂಟೆಯನ್ನೇ ಬಿಡಬೇಕು. ನಾಲ್ಕೂಕಾಲಿಗೆ ಅಲಾರಾಂ ಇಟ್ಟು, ಅದು ಹೊಡೆದಾಗ ಎದ್ದು, ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತೆ.

ಆಯಿ ಸ್ನಾನ ಮಾಡಿ ಬಂದಿದ್ದರು. ಫ್ರಿಜ್ಜಿನ ಬಾಗಿಲು ತೆಗೆದರು. ದೀಪ ಹತ್ತಿತು. ಸೋಮವಾರ ಬೆಳಿಗ್ಗೆ, ಸುಳ್ಳಿಲ್ಲದೆ, ಲಕಲಕ ಹತ್ತಿತು. ಆ ಬೆಳಕು ಅವರ ಒದ್ದೆ ಕೂದಲ ಮೇಲೆ, ಮೂಗುತಿಯ ಮೇಲೆ ಬಿದ್ದಿತ್ತು. ಅವರು ನಿಂಬೆಹುಳಿ ಹಿಂಡಿದ ನೀರಲ್ಲಿ ಬಟ್ಟೆ ಅದ್ದಿ ಹಲಗೆಗಳನ್ನು ಒರೆಸಿದರು. ಆಮೇಲೆ ಅಂಗೈಯಲ್ಲಿ ಕುಂಕುಮ ಹಾಕಿಕೊಂಡು ಅದಕ್ಕೆ ತೆಂಗಿನೆಣ್ಣೆ ಬಿಟ್ಟು ಬೆರಳಲ್ಲಿ ಕಲಸಿದರು. ಒಣ ಕುಂಕುಮ ನುಣುಪಿನ ಮೇಲೆ ನಿಲ್ಲುವುದಿಲ್ಲ, ಉದುರಿ ಹಾಲಿಗೆ ಬೀಳುತ್ತದೆ. ಅದಕ್ಕೆ ಎಣ್ಣೆ. ಆ ಬೆರಳು ನೇರವಾಗಿ ಹೋದದ್ದು ಚೌಕಟ್ಟಿನ ಆ ಪುಟ್ಟ ಗುಂಡಿಗೆ. ದಪ್ಪನೆಯ ಒಂದು ಬೊಟ್ಟು ಇಟ್ಟರು. ಸಾಲದೆಂದು ತೋರಿತೇನೋ, ಮತ್ತೊಂದು ಬೆರಳು ಎಣ್ಣೆ ಸುತ್ತಲೂ ಸವರಿದರು.

ನನ್ನ ತಲೆಯೊಳಗೂ ಆಗ ದೀಪ ಹತ್ತಿತು. ತೆಂಗಿನೆಣ್ಣೆ ತಂಪಿಗೆ ಹೆಪ್ಪುಗಟ್ಟುತ್ತದೆ. ಬಾಗಿಲು ಮುಚ್ಚಿದರೆ ಗುಂಡಿ ಒಳಗೆ ಹೋಗುತ್ತದೆ, ಸುತ್ತಲಿನ ಎಣ್ಣೆ ಗಟ್ಟಿಯಾಗುತ್ತದೆ, ಆಮೇಲೆ ತೆಗೆದರೆ ಗುಂಡಿ ಹೊರಗೆ ಬರುವುದೇ ಇಲ್ಲ. ಮಂಗಳವಾರ ಲೈನಿನ ಕೆಲಸವೆಂದು ನಮ್ಮ ಕಡೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟು ತೆಗೆಯುತ್ತಾರೆ. ಫ್ರಿಜ್ಜು ಬೆಚ್ಚಗಾಗುತ್ತದೆ, ಎಣ್ಣೆ ಕರಗಿ ಇಳಿದುಹೋಗುತ್ತದೆ, ಗುಂಡಿ ಚಿಮ್ಮುತ್ತದೆ. ಇವರ ಕೈಗುಣ ಎಂದರೆ ಇದು. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಆಯಿ ನಿಂತಲ್ಲೇ ಮಾತಾಡಲು ತೊಡಗಿದ್ದರಿಂದ ತಡೆದುಕೊಂಡೆ. ಅವರು ಮಾತಾಡುತ್ತಿದ್ದದ್ದು ಫ್ರಿಜ್ಜಿನ ಜೊತೆ.

"ಎಲ್ರೂ ಏಳೂ ತನ್ಕಾ ಹಿಂಗೇ ಇರು, ಮಾರಾಯಾ" ಎಂದು ಗುಂಡಿಗೆ ಹೇಳುತ್ತಿದ್ದರು. "ಸಿಟ್ಟಲ್ಲಿ ಒಂದು ಮಾತು ಆಡಿಬಿಟ್ಟೆ, ಈಗ ಹೆಂಗೆ ತಿರುಗೂದು? ಮೀನು ಇಟ್ಟದ್ದು ತಪ್ಪಾದ್ರೆ ನಂಗೆ ಎಂತ ಬೇಕಾದ್ರೂ ಮಾಡು. ಆ ಹುಡ್ಗಿ ಬೆಳಿಗ್ಗೆ ಒಂದು ಗಳಿಗೆ ಮಲಗ್ತದೆ. ಮಲಗ್ಲಿ."

ಕೈ ಮುಗಿದು, ಬಾಗಿಲು ಮುಚ್ಚಿ, ತುಳಸಿಗೆ ನೀರು ಹಾಕಲು ಹೊರಗೆ ಹೋದರು.

ನಾನು ಸಂದಿಯಲ್ಲೇ ನಿಂತಿದ್ದೆ. ಕುಣಿಯುವ ಆಸೆ ಎಲ್ಲಿ ಹೋಯಿತೋ, ಅಳುವಿನ ನಡುವೆಯೇ ನಗು ಉಕ್ಕಿ ಬಂದು, ಸೆರಗು ಬಾಯಿಗೆ ತುರುಕಿಕೊಂಡೆ. ದೀಪ ಹತ್ತಲೆಂದು ಈಕೆ ವಾರದಿಂದ ವಾರಕ್ಕೆ ಬೊಟ್ಟು ದಪ್ಪ ಮಾಡುತ್ತ ಹೋಗಿದ್ದಾರೆ, ಬೊಟ್ಟು ದಪ್ಪವಾದಷ್ಟೂ ಗುಂಡಿ ಗಟ್ಟಿಯಾಗಿ ಕೂತಿದೆ. ಬೇಡಿಕೊಂಡದ್ದು ನನ್ನ ನಿದ್ದೆಗಾಗಿ.

ಗುಂಡಿಯನ್ನು ಗುಟ್ಟಾಗಿ ಒರೆಸಿ ಮಲಗಿಬಿಡಬಹುದಿತ್ತು. ದೀಪ ಹತ್ತುತ್ತಿತ್ತು, ಫ್ರಿಜ್ಜು ಉಳಿಯುತ್ತಿತ್ತು. ಆದರೆ ಮುಂದಿನ ಸೋಮವಾರ ಮತ್ತೆ ಬೊಟ್ಟು ಬೀಳುತ್ತದೆ, ಅದನ್ನು ಒರೆಸಲು ನಾನು ಆಯುಷ್ಯವಿಡೀ ಸೋಮವಾರ ನಾಲ್ಕೂವರೆಗೆ ಏಳಬೇಕು. ಅಷ್ಟು ಒಳ್ಳೆಯತನ ನನ್ನಲ್ಲಿಲ್ಲ. ಆಯಿ ಒಳಗೆ ಬರುವವರೆಗೆ ಕಾದೆ.

"ಇಷ್ಟು ಬೇಗ ಎಂತಕ್ಕೆ ಎದ್ದೆ?" ಎಂದರು ನನ್ನನ್ನು ನೋಡಿ. ನಾನು ಒಲೆ ಹಚ್ಚಿ ಚಹಾ ಇಟ್ಟೆ. ಇಬ್ಬರೂ ಕುಡಿದೆವು. ಅರ್ಧ ಗಂಟೆ ಕಳೆದ ಮೇಲೆ ಆಯಿಯೇ ಎದ್ದು ಹೋಗಿ ಬಾಗಿಲು ತೆಗೆದರು. ಕತ್ತಲೆ. ಅವರ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

ನಾನು ಹತ್ತಿರ ಹೋಗಿ ಆ ಕೆಂಪು ಚುಕ್ಕೆಯ ಮೇಲೆ ಬೆರಳ ತುದಿ ಇಟ್ಟು ಸುಮ್ಮನೆ ನಿಂತೆ. ಚಹಾ ಲೋಟ ಹಿಡಿದ ಬೆರಳು, ಬಿಸಿಯಾಗಿತ್ತು. ಸ್ವಲ್ಪ ಹೊತ್ತಿಗೆ ಎಣ್ಣೆ ಜಾರಿತು. ಬೆರಳು ತೆಗೆದೆ. ಟಿಕ್ ಎಂದು ಗುಂಡಿ ಚಿಮ್ಮಿತು, ದೀಪ ಹತ್ತಿತು.

ಆಯಿ ದೀಪ ನೋಡಿದರು, ಗುಂಡಿ ನೋಡಿದರು, ನನ್ನ ಬೆರಳಿಗೆ ಹತ್ತಿದ್ದ ಕೆಂಪೆಣ್ಣೆ ನೋಡಿದರು. ಚಳಿಗೆ ಬಾಟಲಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುವುದು ಅವರಿಗೆ ನಾನು ಕಲಿಸಬೇಕಾದ ವಿಷಯವಲ್ಲ.

"ಹಂಗಾದ್ರೆ ಇಷ್ಟು ದಿನ ದೀಪ ಆರ್ಸಿದ್ದು ನಾನೇಯಾ?"

"ಹೌದು ಆಯಿ."

ಮೊದಲು ಅವರ ಭುಜ ಅಲುಗಿತು. ಅತ್ತರೇನೋ ಎಂದು ಗಾಬರಿಯಾದೆ. ಅತ್ತದ್ದಲ್ಲ. ನಗು ತಡೆಯಲಾರದೆ, ಮೊಣಕಾಲು ಹಿಡಿದುಕೊಂಡು, ಫ್ರಿಜ್ಜಿನ ಮುಂದೆಯೇ ನೆಲಕ್ಕೆ ಕೂತರು. ಅವರನ್ನು ಎಬ್ಬಿಸಲು ಹೋದ ನಾನೂ ಕೂತೆ. ಬಾಗಿಲು ತೆರೆದೇ ಇತ್ತು, ತಂಪು ಗಾಳಿ ಇಬ್ಬರ ಮೇಲೂ ಸುರಿಯುತ್ತಿತ್ತು. ಒಬ್ಬರು ನಗು ನಿಲ್ಲಿಸಿದರೆ ಇನ್ನೊಬ್ಬರು "ಕಂಪನಿಯವ್ರು ಬಿಗಿ ಮಾಡಿಟ್ಟದ್ದು" ಎನ್ನುವುದು, ಮತ್ತೆ ಶುರು. ಮನೆಯಲ್ಲಿ ಆ ಗುಂಡಿಯ ಮರ್ಮ ಗೊತ್ತಿದ್ದವರು ಅವರೊಬ್ಬರೇ. "ಬಾಗಿಲು ತೆಗೆದ್ರೆ ಮುಂದೆ ಬತ್ತದೆ, ಹಾಕಿದ್ರೆ ಹಿಂದೆ ಹೋತದೆ. ಇಡೀ ಪೆಟ್ಟಿಗೆಯಲ್ಲಿ ಅಲ್ಲಾಡೂದು ಅದೊಂದೇ. ದುಡಿಯೂದು ಅದೇ ಅಲ್ದಾ, ಅದ್ಕೇ ಬೊಟ್ಟು ಇಟ್ಟೆ" ಎಂದರು ಕಣ್ಣೊರೆಸಿಕೊಳ್ಳುತ್ತ. ವಿಜ್ಞಾನದ ಅಕ್ಕೋರು ಮೂರು ವಾರ ನೋಡಿಯೂ ನೋಡದ್ದನ್ನು ಅವರು ಮೊದಲ ವಾರವೇ ನೋಡಿದ್ದರು.

ಆಯಿ ಗುಂಡಿ ಒರೆಸಿ, ಇವರಿಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡರು. ಆರು ಗಂಟೆಗೆ ಎದ್ದು ಬಂದ ಇವರು ದೀಪ ನೋಡಿ, ಹಿಂದಿನ ಸಂಜೆ ತಾವು ಪ್ಲಗ್ಗು ಕಿತ್ತು ಮತ್ತೆ ಹಾಕಿದ್ದೇ ಕಾರಣ ಎಂದರು. ನಾವಿಬ್ಬರೂ ಒಪ್ಪಿದೆವು. ನಾದಿನಿಗೆ ಫೋನು ಮಾಡಿ ಅಕ್ಕಿ ಡ್ರಮ್ಮನ್ನು ಅದರ ಜಾಗಕ್ಕೆ ಇಡಲು ಹೇಳಿದ್ದೂ ಆಯಿಯೇ.

ಒಂದೇ ಒಂದು ಮಾತು ಅವರಿಗೆ ಬಗೆಹರಿಯದೆ ಉಳಿಯಿತು. "ಹಂಗಾದ್ರೆ ಬೊಟ್ಟು ಎಲ್ಲಿಡೂದು? ಮನೆಗೆ ದುಡಿಯೂದಕ್ಕೆ ಇಡದೆ ಬಿಡೂಕೆ ಆಗೂದಿಲ್ಲ." ಬಾಗಿಲ ಹೊರಗೆ ಇಡಿ ಎಂದೆ. ಅದು ಬರೀ ಬಾಗಿಲು, ಅದೆಂತಾ ದುಡಿತದೆ ಎಂದು ತಳ್ಳಿಹಾಕಿದರು.

ಮುಂದಿನ ಸೋಮವಾರ ಐದೂವರೆಗೆ ಎದ್ದು ಫ್ರಿಜ್ಜು ತೆಗೆದೆ. ದೀಪ ಹತ್ತಿತು. ಗುಂಡಿ ಬೆಳ್ಳಗಿತ್ತು. ಬಾಗಿಲ ಮೇಲೂ ಏನೂ ಇರಲಿಲ್ಲ, ಹಲಗೆಗಳ ಮೇಲೂ ಇರಲಿಲ್ಲ. ಆಯಿ ತುಳಸಿಯ ಹತ್ತಿರ ನನಗೆ ಬೆನ್ನು ಮಾಡಿ ನಿಂತಿದ್ದರು.

"ಆಯಿ, ಬೊಟ್ಟು ಎಲ್ಲಿಟ್ರಿ?"

"ಇಟ್ಟೆ. ಹಲ್ಲು ತಿಕ್ಕು ಹೋಗು ಮಗಾ, ಬಸ್ಸಿಗೆ ಹೊತ್ತಾತದೆ."

ಬ್ರಶ್ಶು ಬಾಯಲ್ಲಿಟ್ಟು ಕನ್ನಡಿಯ ಮುಂದೆ ನಿಂತಾಗ ಕಂಡಿತು. ನನ್ನ ಹಣೆಯ ನಡುವೆ ಎಣ್ಣೆ ಕಲಸಿದ ಕುಂಕುಮ, ಮೈಯ ಬಿಸಿಗೆ ಕರಗಿ ಮೂಗಿನ ಬುಡದವರೆಗೆ ಇಳಿದಿತ್ತು. ನಾಲ್ಕೂವರೆಗೆ ಬಂದು ಇಟ್ಟು ಹೋಗಿದ್ದರು. ನನಗೆ ಎಚ್ಚರವೇ ಆಗಿರಲಿಲ್ಲ.